ಒಂದೇ ಪಂದ್ಯದ ವರ್ಷ

ಸ್ಟೀಲಿನ ಟಿಫಿನ್ ಡಬ್ಬಿಯೊಳಗೆ ಮಡಚಿಟ್ಟ ಚೀಟಿಗಳು. ಮಂಗಳೂರಿನ ನೆಹರೂ ಮೈದಾನದ ಮೂಲೆಯಲ್ಲಿ ಒಂದು ಮೇಜು, ಅದರ ಸುತ್ತ ಹತ್ತು ಹನ್ನೆರಡು ಮಂದಿ ಪಿ.ಟಿ. ಮಾಸ್ಟ್ರುಗಳು. ಒಬ್ಬರು ಡಬ್ಬಿಗೆ ಕೈ ಹಾಕಿ ಚೀಟಿ ಎತ್ತುತ್ತಾರೆ, ಇನ್ನೊಬ್ಬರು ರಟ್ಟಿನ ಮೇಲೆ ಕಾಲೇಜಿನ ಹೆಸರು ಬರೆದು ಗೆರೆ ಎಳೆಯುತ್ತಾರೆ. ಆ ವರ್ಷದ ಅಂತರ ಕಾಲೇಜು ಫುಟ್ಬಾಲ್ ನಾಕೌಟಿನಲ್ಲಿ ನಮ್ಮ ಕಾಲೇಜಿಗೆ ಜೋಡಿಯಾಗಿ ಬಿದ್ದದ್ದು ಹಿಂದಿನ ವರ್ಷ ಕಪ್ ಎತ್ತಿದ್ದ ತಂಡ. ನಮ್ಮ ಮಾಸ್ಟ್ರು ರಟ್ಟನ್ನೊಮ್ಮೆ ನೋಡಿ, "ಹೋಗಲಿ, ಮಧ್ಯಾಹ್ನದ ಊಟದ ಖರ್ಚು ಉಳಿಯಿತು" ಎಂದು ನಕ್ಕರು.

ಇಪ್ಪತ್ತೈದು ಇಪ್ಪತ್ತೈದು ನಿಮಿಷದ ಎರಡು ಅರ್ಧ. ಅವರು ಹದಿನೈದು ಸಲವಾದರೂ ನಮ್ಮ ಗೋಲಿನ ಹತ್ತಿರ ಬಂದರು. ಒಂದು ಚೆಂಡು ಕಂಬಕ್ಕೆ ಬಡಿಯಿತು, ಇನ್ನೊಂದು ನಮ್ಮ ಗೋಲಿಯ ಮೊಣಕಾಲಿಗೆ ತಾಗಿ ಹೊರಗೆ ಹಾರಿತು. ಅವನಿಗೂ ಅದು ಹೇಗಾಯಿತೆಂದು ಗೊತ್ತಾಗಲಿಲ್ಲ. ಗೋಲಿಲ್ಲದೆ ಆಟ ಮುಗಿದು ಪೆನಾಲ್ಟಿಗೆ ಹೋಯಿತು. 4-3ರಲ್ಲಿ ನಾವು ಗೆದ್ದೆವು. ಊಟದ ಖರ್ಚು ಉಳಿಯಲಿಲ್ಲ. ಅದೇ ಸಂಜೆ ಎರಡನೇ ಸುತ್ತಿನಲ್ಲಿ ನಾಲ್ಕು ಗೋಲು ತಿಂದು ಮನೆಗೆ ಹೋದೆವು. ಮರುದಿನದ ಪತ್ರಿಕೆಯ ಸ್ಥಳೀಯ ಪುಟದಲ್ಲಿ ಎರಡು ಸಾಲು ಬಂದಿತ್ತು, ಅದರಲ್ಲಿ "ಆಘಾತ" ಎಂಬ ಪದವೂ ಇತ್ತು. ಆ ತುಣುಕನ್ನು ಕತ್ತರಿಸಿ ನಾನು ಬಹಳ ವರ್ಷ ಇಟ್ಟುಕೊಂಡಿದ್ದೆ.

ನನಗೆ ಮರೆಯದ್ದು ಮಾತ್ರ ಆ ಎರಡು ಸಾಲಲ್ಲ. ಪೆನಾಲ್ಟಿ ಮುಗಿದ ಮೇಲೆ ಸೋತ ತಂಡದ ಕ್ಯಾಪ್ಟನ್ ಹುಲ್ಲಿಲ್ಲದ ಕೆಂಪು ಮಣ್ಣಿನ ಮೇಲೆ ಕುಳಿತು ಬೂಟಿನ ಲೇಸು ಬಿಚ್ಚುತ್ತಿದ್ದ. ಕೊನೆಯ ವರ್ಷದ ಬಿ.ಕಾಂ. ಹುಡುಗ. ಸಮಾಧಾನ ಹೇಳಲು ಹೋದ ನನ್ನನ್ನು ನೋಡಿ, "ಇನ್ನು ಈ ಬೂಟು ತಮ್ಮನಿಗೆ ಮಾರಾಯ" ಅಂದ. ಆಗ ಗಂಟೆ ಹನ್ನೊಂದೂವರೆ. ಜೂನ್ ತಿಂಗಳಿನಿಂದ ಬೆಳಗಿನ ಜಾವ ಆರಕ್ಕೆ ಮೈದಾನಕ್ಕೆ ಬರುತ್ತಿದ್ದವನ ಕಾಲೇಜು ಫುಟ್ಬಾಲ್ ಅಲ್ಲಿಗೆ ಮುಗಿಯಿತು.

ಆ ದಿನ ನಡೆದದ್ದು ನಿಜಕ್ಕೂ ಆಘಾತವೇ? ಇಷ್ಟು ವರ್ಷದ ಮೇಲೆ ಈ ಪ್ರಶ್ನೆ ಮತ್ತೆ ಎದ್ದದ್ದು ಮಂಗಳೂರಿನಿಂದಲ್ಲ, ಓಹಾಯೊದಿಂದ.

ನನ್ನ ಅಕ್ಕನ ಮಗ ಅಲ್ಲಿನ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಓದುತ್ತಿದ್ದ. 2024ರ ಡಿಸೆಂಬರ್ 1ರ ಬೆಳಿಗ್ಗೆ ಫೋನು ಮಾಡಿದವನ ದನಿ ಕೇಳಿ ಯಾರಿಗೋ ಏನೋ ಆಗಿರಬೇಕು ಎಂದು ಹೆದರಿದೆ. "ಸೋತೆವು ಮಾವ, ಮಿಚಿಗನ್‌ಗೆ, ಅದೂ ನಮ್ಮದೇ ಸ್ಟೇಡಿಯಂನಲ್ಲಿ" ಅಂದ. ಅವನು ಹೇಳುತ್ತಿದ್ದದ್ದು ಅಮೆರಿಕದ ಕಾಲೇಜು ಫುಟ್ಬಾಲಿನ ಸುದ್ದಿ. ಅಮೆರಿಕದವರ ಫುಟ್ಬಾಲ್ ನಮ್ಮ ಫುಟ್ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು, ಹೆಲ್ಮೆಟ್ ಹಾಕಿದ ಹುಡುಗರು ಒಬ್ಬರ ಮೇಲೊಬ್ಬರು ಬೀಳುವ ಆಟ ಅದು. ಮಿಚಿಗನ್ ವಿಶ್ವವಿದ್ಯಾಲಯದ ಸ್ಟೇಡಿಯಂ ಒಂದರಲ್ಲೇ 1,07,000ಕ್ಕೂ ಹೆಚ್ಚು ಜನ ಕೂರುತ್ತಾರೆ. ಕಾಲೇಜು ಹುಡುಗರ ಆಟಕ್ಕೆ!

ಆ ದಿನ ಓಹಾಯೊ ಸ್ಟೇಟ್ ದೇಶದಲ್ಲಿ ಎರಡನೇ ಶ್ರೇಯಾಂಕದ ತಂಡ. ಮಿಚಿಗನ್‌ಗೆ ಮೊದಲ 25ರಲ್ಲಿ ಜಾಗವೇ ಇರಲಿಲ್ಲ. ಫಲಿತಾಂಶ 13-10. ಹಿಂದಿನ ಕಾಲವಾಗಿದ್ದರೆ ಓಹಾಯೊದ ಕಥೆ ಅಲ್ಲಿಗೆ ಮುಗಿಯುತ್ತಿತ್ತು. 2014ರಿಂದ ಹತ್ತು ಋತುಗಳ ಕಾಲ ಅಲ್ಲಿ ಪ್ಲೇಆಫ್ ಎಂಬ ಕೊನೆಯ ಸುತ್ತಿಗೆ ಹೋಗುತ್ತಿದ್ದದ್ದು ನಾಲ್ಕೇ ತಂಡ, ಅವನ್ನು ಆರಿಸುವುದು ಒಂದು ಸಮಿತಿ. 2024ರ ಋತುವಿನಿಂದ ಅದನ್ನು 12 ತಂಡಗಳಿಗೆ ಏರಿಸಿದ್ದರು. ಹಾಗಾಗಿ ಆರನೇ ಶ್ರೇಯಾಂಕಕ್ಕೆ ಇಳಿದರೂ ಓಹಾಯೊ ಸ್ಟೇಟ್ ಒಳಗೆ ಉಳಿಯಿತು. ಆಮೇಲೆ ನಾಲ್ಕು ಪಂದ್ಯ ಸಾಲಾಗಿ ಗೆದ್ದು, 2025ರ ಜನವರಿ 20ರಂದು ಅಟ್ಲಾಂಟಾದಲ್ಲಿ ನೋಟರ್ ಡೇಮ್ ತಂಡವನ್ನು 34-23ರಿಂದ ಸೋಲಿಸಿ ಚಾಂಪಿಯನ್ ಆಯಿತು. ನೋಟರ್ ಡೇಮ್ ಕೂಡ ಏನು ಕಡಿಮೆ? ಋತುವಿನ ಎರಡನೇ ವಾರವೇ ನಾರ್ದರ್ನ್ ಇಲಿನಾಯ್ ಎಂಬ ಹೆಸರಿಲ್ಲದ ತಂಡಕ್ಕೆ ತನ್ನ ಮನೆಯಂಗಳದಲ್ಲಿ 16-14ರಿಂದ ಸೋತು ನಗೆಪಾಟಲಾಗಿತ್ತು. ಆ ವರ್ಷದ ದೊಡ್ಡ ಆಘಾತಗಳಲ್ಲಿ ಎರಡನ್ನು ತಿಂದ ತಂಡಗಳೇ ಫೈನಲ್ ಆಡಿದವು. ಸಮಿತಿಯ ಪಟ್ಟಿಯಲ್ಲಿ ಒಂದು ಐದನೆಯದು, ಇನ್ನೊಂದು ಆರನೆಯದು. ನಾಲ್ಕರ ಹಳೆಯ ಲೆಕ್ಕದಲ್ಲಿ ಎರಡಕ್ಕೂ ಟಿಕೆಟ್ ಇರಲಿಲ್ಲ.

ಅಲ್ಲಿನವರ ಜಗಳ ಇದರ ಸುತ್ತಲೇ. 12 ತಂಡ ಸೇರಿಸಿದರೆ ಋತುವಿನ ಪ್ರತಿ ಪಂದ್ಯಕ್ಕಿದ್ದ ತೂಕ ಹೋಯಿತು, ಮಿಚಿಗನ್ ಗೆದ್ದದ್ದಕ್ಕೆ ಬೆಲೆಯೇ ಇಲ್ಲದಂತಾಯಿತು ಎನ್ನುತ್ತಾರೆ ಒಂದು ಕಡೆಯವರು. ನಾಲ್ಕೇ ಇದ್ದಾಗ ಏನಾಯಿತು ನೋಡಿ ಎಂದು ಇನ್ನೊಂದು ಕಡೆಯವರು 2023ರ ಫ್ಲಾರಿಡಾ ಸ್ಟೇಟ್ ತಂಡವನ್ನು ತೋರಿಸುತ್ತಾರೆ. ಹದಿಮೂರಕ್ಕೆ ಹದಿಮೂರೂ ಪಂದ್ಯ ಗೆದ್ದು ತನ್ನ ಗುಂಪಿನ ಚಾಂಪಿಯನ್ ಆಗಿದ್ದ ಆ ತಂಡವನ್ನು ಸಮಿತಿ ಹೊರಗಿಟ್ಟು, ಒಂದು ಪಂದ್ಯ ಸೋತಿದ್ದ ಅಲಬಾಮಾವನ್ನು ಒಳಗೆ ಕರೆಯಿತು. ಮುಖ್ಯ ಆಟಗಾರನ ಕಾಲು ಮುರಿದಿದೆ, ಈಗ ಅದು ಹಳೆಯ ತಂಡವಲ್ಲ ಎಂಬುದು ಸಮಿತಿಯ ಸಮಜಾಯಿಷಿ. ಆಡಿ ಗೆದ್ದವರನ್ನು ಆಡದೆಯೇ ಸೋಲಿಸಿದಂತಾಯಿತು. ಹಾಗೆಂದು ಸಮಿತಿಯನ್ನು ಬೈದು ಮುಗಿಸುವಂತೆಯೂ ಇಲ್ಲ. ಮುಂದಿನ ಪಂದ್ಯದಲ್ಲೇ ಫ್ಲಾರಿಡಾ ಸ್ಟೇಟ್ ಜಾರ್ಜಿಯಾ ತಂಡಕ್ಕೆ 63-3ರಿಂದ ಸೋತಿತು. ಆದರೆ ಅಷ್ಟರಲ್ಲಿ ಅದರ ಎಷ್ಟೋ ಆಟಗಾರರು ಬೇಸತ್ತು ಆಡುವುದಿಲ್ಲವೆಂದು ಕೂತಿದ್ದರು. ಹಾಗಾಗಿ ಅದರಿಂದಲೂ ಏನೂ ಸಾಬೀತಾಗಲಿಲ್ಲ. ಈ ಜಗಳಕ್ಕೆ ಇರುವ ರುಚಿ ಇದೇ.

ಈ ಜಗಳದಲ್ಲಿ ನಾನು ಯಾರ ಪರ ಎಂದು ಅಕ್ಕನ ಮಗ ಕೇಳಿದ. ನನಗೆ ಹೊಳೆದದ್ದು ಬೇರೆ. ಇಷ್ಟು ಜಗಳವಾಡಲು ಅವರಿಗೆ ಮೊದಲು ಒಂದು ಋತು ಇದೆಯಲ್ಲ! ದೊಡ್ಡ ದರ್ಜೆಯ 130ಕ್ಕೂ ಹೆಚ್ಚು ಕಾಲೇಜು ತಂಡಗಳು ಅಲ್ಲಿವೆ. ಪ್ರತಿಯೊಂದೂ ಆಗಸ್ಟ್ ಕೊನೆಯಿಂದ ನವೆಂಬರ್ ಕೊನೆಯವರೆಗೆ ವಾರಕ್ಕೊಂದರಂತೆ 12 ಪಂದ್ಯ ಆಡುತ್ತದೆ. ಗೆದ್ದರೂ 12, ಸೋತರೂ 12. ಎಲ್ಲರೂ ಎಲ್ಲರೊಡನೆ ಆಡಬೇಕೆಂದರೆ ಒಂದೊಂದು ತಂಡಕ್ಕೂ 130ಕ್ಕೂ ಹೆಚ್ಚು ಪಂದ್ಯವಾಗುತ್ತದೆ. ಅದು ಆಗದ ಮಾತು, ಅದಕ್ಕೇ ಶ್ರೇಯಾಂಕ. ಪತ್ರಕರ್ತರು ಮತ ಹಾಕಿ ಶ್ರೇಯಾಂಕ ಕೊಡುವ ಪದ್ಧತಿ ಅಲ್ಲಿ 1936ರಿಂದ ನಡೆದಿದೆ. ನಡುವೆ 1998ರಿಂದ ಕಂಪ್ಯೂಟರಿನ ಲೆಕ್ಕವನ್ನೂ ಸೇರಿಸಿ ನೋಡಿದರು, ಈಗ ಸಮಿತಿಗೆ ಒಪ್ಪಿಸಿದ್ದಾರೆ. ಯಾವುದೂ ಜಗಳ ನಿಲ್ಲಿಸಿಲ್ಲ. ಆದರೆ ಶ್ರೇಯಾಂಕ ಎಷ್ಟೇ ಸೊಟ್ಟಗಿರಲಿ, ಅದೊಂದು ನೆನಪಿನ ಪುಸ್ತಕ. ಹಿಂದಿನ ವಾರ ಯಾರು ಯಾರನ್ನು ಸೋಲಿಸಿದರು, ಹೇಗೆ ಸೋಲಿಸಿದರು ಎಂಬುದೆಲ್ಲ ಅದರಲ್ಲಿ ಜಮೆಯಾಗುತ್ತಾ ಹೋಗುತ್ತದೆ.

ಆಘಾತ ಹುಟ್ಟುವುದು ಆ ನೆನಪಿನಿಂದ. 2007ರ ಸೆಪ್ಟೆಂಬರ್ 1ರಂದು ಅಪಲೇಚಿಯನ್ ಸ್ಟೇಟ್ ಎಂಬ ಕೆಳದರ್ಜೆಯ ತಂಡ ಐದನೇ ಶ್ರೇಯಾಂಕದ ಮಿಚಿಗನ್ ತಂಡವನ್ನು ಅದರ ಮನೆಯಲ್ಲೇ 34-32ರಿಂದ ಸೋಲಿಸಿದ್ದನ್ನು ಅಮೆರಿಕದವರು ಇವತ್ತಿಗೂ ಹೇಳುತ್ತಾರೆ. ಆ ಸೋಲಿನ ನಂತರ ಮಿಚಿಗನ್ ಮನೆಗೆ ಹೋಗಲಿಲ್ಲ ಎಂಬುದನ್ನು ಯಾರೂ ಹೇಳುವುದಿಲ್ಲ. ಆ ಋತುವಿನಲ್ಲೇ ಅದು ಒಂಬತ್ತು ಪಂದ್ಯ ಗೆದ್ದಿತು. ನಮ್ಮ ಎದುರು ಸೋತ ಆ ಬಿ.ಕಾಂ. ಹುಡುಗನಿಗೆ ಒಂಬತ್ತಿರಲಿ, ಇನ್ನೊಂದು ಪಂದ್ಯವೂ ಸಿಗಲಿಲ್ಲ.

ನಮ್ಮಲ್ಲೂ ಅಂಥ ನೆನಪಿರುವ ಆಘಾತಗಳಿವೆ. 1974ರ ರಣಜಿ ಸೆಮಿಫೈನಲ್‌ನಲ್ಲಿ ಕರ್ನಾಟಕ ಬೆಂಗಳೂರಿನಲ್ಲಿ ಬಾಂಬೆಯನ್ನು ಮೊದಲ ಇನಿಂಗ್ಸ್ ಲೀಡಿನ ಮೇಲೆ ಹೊರಗೆ ಹಾಕಿದ್ದು, ಪ್ರಸನ್ನ ಅವರ ಚೆಂಡಿಗೆ ಗಾವಸ್ಕರ್ ಬೌಲ್ಡ್ ಆದದ್ದು, ಇವು ನಮ್ಮ ಅಪ್ಪಂದಿರ ಪೀಳಿಗೆಗೆ ಬಾಯಿಪಾಠ. ಒಂದು ಎಸೆತಕ್ಕೆ ಯಾಕೆ ಅಷ್ಟು ತೂಕ? ಅದರ ಹಿಂದೆ ಬಾಂಬೆ ಸತತ 15 ವರ್ಷ ಗೆದ್ದ ರಣಜಿ ಇತ್ತು. ಆ 15 ವರ್ಷವನ್ನು ತೆಗೆದುಬಿಡಿ, ಉಳಿಯುವುದು ಬರೀ ಒಂದು ವಿಕೆಟ್.

ನಾವು ನೆಹರೂ ಮೈದಾನದಲ್ಲಿ ಗೆದ್ದದ್ದನ್ನು ಈ ಸಾಲಿಗೆ ಸೇರಿಸಲಾರೆ. ಅವರು ನಮಗಿಂತ ಮೇಲಿನ ತಂಡ ಎಂದು ನಮಗೆ ಹೇಗೆ ಗೊತ್ತಿತ್ತು? ಹಿಂದಿನ ವರ್ಷ ಅವರು ಕಪ್ ಗೆದ್ದಿದ್ದರು ಎಂಬುದೊಂದೇ. ಕಪ್ ಗೆದ್ದ ಆ ತಂಡದ ಮೂರನೇ ಒಂದು ಪಾಲು ಹುಡುಗರು ಪದವಿ ಮುಗಿಸಿ ಹೋಗಿದ್ದರು. ಹೊಸ ತಂಡ ಆ ವರ್ಷ ಯಾರ ಎದುರೂ ಆಡಿರಲಿಲ್ಲ, ನಾವೂ ಅಷ್ಟೇ. ಶ್ರೇಯಾಂಕವಿಲ್ಲ, ಹಿಂದಿನ ವಾರವಿಲ್ಲ, ಮುಂದಿನ ವಾರವೂ ಇಲ್ಲ. ಇಬ್ಬರು ಅಪರಿಚಿತರು ಒಂದು ಬೆಳಿಗ್ಗೆ ನಾಣ್ಯ ಚಿಮ್ಮಿದಂತೆ. ಪೇಪರಿನವರು ಅದಕ್ಕೆ ಆಘಾತ ಎಂದು ಹೆಸರಿಟ್ಟದ್ದು ಅವರ ಔದಾರ್ಯ.

ನಾಕೌಟಿನ ಲೆಕ್ಕ ಬಹಳ ಸುಲಭ. ಕೊನೆಗೊಬ್ಬ ಉಳಿಯಬೇಕಾದರೆ ಉಳಿದವರೆಲ್ಲ ಒಂದೊಂದು ಸಲ ಸೋಲಬೇಕು. 16 ತಂಡ ಬಂದರೆ 15 ಪಂದ್ಯ, 32 ಬಂದರೆ 31. ಅದರಲ್ಲಿ ಅರ್ಧದಷ್ಟು ತಂಡಗಳಿಗೆ ಒಂದೇ ಪಂದ್ಯ. ಎರಡು ದಿನದಲ್ಲಿ ಮುಗಿಸಬಹುದು, ಅದಕ್ಕೇ ಎಲ್ಲರಿಗೂ ಇಷ್ಟ. ಇದರಿಂದ ಒಳ್ಳೆಯ ತಂಡ ಸಿಗುತ್ತದೆಯೇ ಎಂದು ಕೇಳಿದರೆ ಇನ್ನೊಂದು ಸಣ್ಣ ಲೆಕ್ಕ ಹಾಕಿ ನೋಡಿ. ಒಂದು ತಂಡ ಎಷ್ಟು ಬಲಶಾಲಿ ಎಂದರೆ ಯಾರೇ ಎದುರಾದರೂ ಹತ್ತರಲ್ಲಿ ಏಳು ಸಲ ಅದೇ ಗೆಲ್ಲುತ್ತದೆ ಎಂದಿಟ್ಟುಕೊಳ್ಳಿ. 16 ತಂಡಗಳ ನಾಕೌಟಿನಲ್ಲಿ ಅದು ಸಾಲಾಗಿ ನಾಲ್ಕು ಗೆಲ್ಲಬೇಕು. ಹಾಗೆ ಗೆಲ್ಲುವ ಸಾಧ್ಯತೆ ನೂರಕ್ಕೆ 24. ನಾಲ್ಕು ವರ್ಷಕ್ಕೊಮ್ಮೆ ಎಂದಿಟ್ಟುಕೊಳ್ಳಿ. ಕಾಲೇಜಿನಲ್ಲಿ ಹುಡುಗ ಇರುವುದು ಮೂರೇ ವರ್ಷ.

ಅಮೆರಿಕದ ಹೊಸ ಪದ್ಧತಿಯ ಮೊದಲ ವರ್ಷವೂ ಇದನ್ನೇ ತೋರಿಸಿತು. 12ರಲ್ಲಿ ನಾಲ್ಕು ತಂಡಗಳಿಗೆ ಮೊದಲ ಸುತ್ತಿನಲ್ಲಿ ಬೈ ಸಿಕ್ಕಿತ್ತು. ಆ ನಾಲ್ಕೂ ತಾವಾಡಿದ ಮೊದಲ ಪಂದ್ಯದಲ್ಲೇ ಸೋತವು. ಚಾಂಪಿಯನ್ ಎಂದರೆ ಅತ್ಯುತ್ತಮ ತಂಡ ಎಂಬ ಭ್ರಮೆ ಯಾವ ಪದ್ಧತಿಯಲ್ಲೂ ಬೇಡ. ಚಾಂಪಿಯನ್ ಎಂದರೆ ಆ ಪಂದ್ಯಾಟ ಗೆದ್ದ ತಂಡ, ಅಷ್ಟೇ. ಆದರೆ ಋತುವಿದ್ದವರಿಗೆ ಈ ಎರಡು ಮಾತಿನ ನಡುವಿನ ವ್ಯತ್ಯಾಸ ಕಾಣುತ್ತದೆ, ಅದರ ಬಗ್ಗೆ ಅವರು ಜಗಳವಾಡಬಹುದು. ನಮಗೆ ಅದು ಕಾಣುವುದೇ ಇಲ್ಲ.

ಹೀಗೆ ಬರೆಯುತ್ತಿದ್ದಾಗ ಒಂದು ವಿಚಿತ್ರ ತಲೆಗೆ ಹೊಳೆಯಿತು. ನಮ್ಮ ಜಿಲ್ಲೆಯಲ್ಲಿ ನಾಕೌಟಿನ ಜೊತೆಗೆ ಸರಿಯಾದ ಋತುವನ್ನೂ ಇಟ್ಟುಕೊಂಡ ಒಂದು ಕ್ರೀಡೆ ಇದೆ. ಅದು ಕಂಬಳ.

ಜೋಡುಕರೆ ಕಂಬಳದಲ್ಲಿ ಗಂತು ಎಂಬ ಆರಂಭದ ತುದಿಯಿಂದ ಮಂಜೊಟ್ಟಿ ಎಂಬ ಗುರಿಯವರೆಗೆ ಎರಡು ಜೋಡಿ ಕೋಣಗಳು ಅಕ್ಕಪಕ್ಕದ ಕರೆಗಳಲ್ಲಿ, ಅಂದರೆ ಕೆಸರಿನ ಓಟದ ಹಾದಿಗಳಲ್ಲಿ, ಒಟ್ಟಿಗೆ ಓಡುತ್ತವೆ. ಕ್ವಾರ್ಟರ್, ಸೆಮಿ, ಫೈನಲ್ ಎಂದು ಹೋಗುವ ಇದು ಅಪ್ಪಟ ನಾಕೌಟು, ಸೋತ ಜೋಡಿ ಆ ದಿನಕ್ಕೆ ಹೊರಗೆ. ಕಾಲು ಜಾರಿ ಒಂದು ಕೋಣ ತಪ್ಪಿದರೆ ಎಂಥ ಹೆಸರಾಂತ ಜೋಡಿಯೂ ಸೋಲುತ್ತದೆ. ಆದರೆ ಅಲ್ಲಿ ಯಾವ ಯಜಮಾನರೂ "ಇನ್ನು ನೊಗ ತಮ್ಮನಿಗೆ" ಎಂದು ಕೂರುವುದಿಲ್ಲ. ಮುಂದಿನ ಶನಿವಾರ ಇನ್ನೊಂದು ಊರಿನಲ್ಲಿ ಕಂಬಳ ಇದೆ. ನವೆಂಬರಿನಿಂದ ಬೇಸಿಗೆ ಕಾಲಿಡುವವರೆಗೆ ವಾರವಾರ ನಡೆಯುತ್ತದೆ. ಹಗ್ಗ ಹಿರಿಯ, ನೇಗಿಲು ಕಿರಿಯ ಹೀಗೆ ವಿಭಾಗವಾರು ಯಾರ ಮನೆಯ ಕೋಣಗಳು ಎಲ್ಲೆಲ್ಲಿ ಬಹುಮಾನ ತಗೊಂಡವು ಎಂದು ಕರೆಯ ಬದಿಯಲ್ಲಿ ಚಾ ಕುಡಿಯುತ್ತಾ ನಿಂತ ಯಾವ ಹುಡುಗನನ್ನು ಕೇಳಿದರೂ ಬೆರಳು ಮಡಚಿ ಹೇಳುತ್ತಾನೆ. ಕೊನೆಗೆ ಸರಣಿ ಶ್ರೇಷ್ಠ ಎಂಬ ಪ್ರಶಸ್ತಿಯೂ ಇದೆ. ಒಂದು ರಾತ್ರಿಯ ಗೆಲುವು ಬೇರೆ, ಋತುವಿನ ಗೆಲುವು ಬೇರೆ ಎಂದು ತಿಳಿದವರು ಮಾಡಿದ ಏರ್ಪಾಟು ಇದು. ಹಾಗಾಗಿ ನಸುಕಿನ ನಾಲ್ಕು ಗಂಟೆಗೆ ಹೊಸ ಜೋಡಿಯೊಂದು ಹೆಸರಾಂತ ಜೋಡಿಯನ್ನು ಹಿಂದೆ ಹಾಕಿದಾಗ ಏಳುವ ಆ ಕೂಗು ನಿಜವಾದ ಆಘಾತದ ಕೂಗು.

ಕಂಬಳದಲ್ಲೇ ಇನ್ನೊಂದು ಬಗೆಯ ಅಳತೆಯೂ ಇದೆ. ಕನೆಹಲಗೆಯಲ್ಲಿ ಎದುರಾಳಿಯೇ ಇಲ್ಲ. ಕೋಣಗಳು ಓಡುವಾಗ ಹಲಗೆಯಿಂದ ಚಿಮ್ಮಿದ ನೀರು ಆರೂವರೆ ಕೋಲು, ಏಳೂವರೆ ಕೋಲು ಎತ್ತರಕ್ಕೆ ಕಟ್ಟಿದ ನಿಶಾನೆಯನ್ನು ಮುಟ್ಟಿತೋ ಇಲ್ಲವೋ, ಅಷ್ಟೇ ಲೆಕ್ಕ. ಅಲ್ಲಿ ಶ್ರೇಯಾಂಕವೂ ಬೇಡ, ಸಮಿತಿಯೂ ಬೇಡ. ಎಲ್ಲ ಆಟಕ್ಕೂ ಇಂಥ ನಿಶಾನೆ ಇದ್ದಿದ್ದರೆ ಎಷ್ಟು ಸುಖವಿತ್ತು! ಇಲ್ಲದ ಕಡೆ ನಿಶಾನೆ ಕಟ್ಟಲು ಹೋದರೆ ಏನಾಗುತ್ತದೆ ಎಂಬುದನ್ನೂ ಕಂಬಳವೇ ತೋರಿಸಿದೆ. 2020ರಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದಾಗ, ದೇಶವೆಲ್ಲ ಅದನ್ನು 100 ಮೀಟರಿಗೆ ಇಳಿಸಿ ಉಸೇನ್ ಬೋಲ್ಟ್ ಜೊತೆ ಶ್ರೇಯಾಂಕ ಕಟ್ಟಿತು. ಮುಂದೆ ಓಡುತ್ತಿದ್ದ ಎರಡು ಕೋಣಗಳನ್ನು ಲೆಕ್ಕದಿಂದ ಕೈಬಿಟ್ಟರು. ಗೌಡರು ಮಾತ್ರ ಟ್ರ್ಯಾಕ್‌ಗೆ ಹೋಗದೆ ಕರೆಯಲ್ಲೇ ಉಳಿದು ಜಾಣರಾದರು.

ಕೋಣಗಳಿಗೆ ಋತುವಿದೆ, ಕಾಲೇಜು ಹುಡುಗರಿಗೆ ಇಲ್ಲ. ಇದು ತಮಾಷೆಯಾಗಿ ಕೇಳಿಸಬಹುದು, ಪರಿಣಾಮ ಮಾತ್ರ ತಮಾಷೆಯಲ್ಲ. ಅಂತರ ಕಾಲೇಜು ಪಂದ್ಯಾಟ ಬರೀ ಕಪ್ಪಿಗಾಗಿ ನಡೆಯುವುದಿಲ್ಲ. ವಿಶ್ವವಿದ್ಯಾಲಯದ ತಂಡಕ್ಕೆ ಆಟಗಾರರನ್ನು ಹೆಕ್ಕುವುದೂ ಅಲ್ಲಿಯೇ. ಆ ತಂಡ ದಕ್ಷಿಣ ವಲಯದ ಅಂತರ ವಿವಿ ಪಂದ್ಯಾಟಕ್ಕೆ ಹೋಗಬೇಕು, ಕ್ಯಾಲಿಕಟ್‌ನಂತಹ ಗಟ್ಟಿ ತಂಡಗಳನ್ನು ದಾಟಿ ವಲಯದ ಮೊದಲ ಸ್ಥಾನಗಳಲ್ಲಿ ನಿಂತರೆ ಅಖಿಲ ಭಾರತ ಹಂತ. ಅಲ್ಲಿಯೂ ಮೇಲೆ ಬಂದವರಿಗೆ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ. ವಿವಿಯನ್ನು ಪ್ರತಿನಿಧಿಸಿದ್ದಾನೆ ಎಂಬ ಒಂದು ಸರ್ಟಿಫಿಕೇಟು ಸ್ನಾತಕೋತ್ತರ ಸೀಟಿಗೂ ಕ್ರೀಡಾ ಕೋಟಾದ ಕೆಲಸಕ್ಕೂ ಬಾಗಿಲು ತೆರೆಯಬಲ್ಲದು. ಮೊದಲ ಸುತ್ತಿನಲ್ಲಿ ಸೋತ ತಂಡದ ಮಿಡ್‌ಫೀಲ್ಡರ್ ಎಷ್ಟೇ ಚೆನ್ನಾಗಿರಲಿ, ಆಯ್ಕೆಗಾರರ ಕಣ್ಣಿಗೆ ಬೀಳುವುದು ಐವತ್ತು ನಿಮಿಷ. ಅದೂ ಪಕ್ಕದ ಅಂಕಣದಲ್ಲಿ ಅದೇ ಹೊತ್ತಿಗೆ ಇನ್ನೊಂದು ಪಂದ್ಯ ನಡೆಯದಿದ್ದರೆ.

ಇನ್ನು ಮಂಗಳೂರಿನ ವಿಶೇಷ ಸಂಕಟ. ಅಮೆರಿಕದಲ್ಲಿ ಕಾಲೇಜುಗಳು ಕಾನ್ಫರೆನ್ಸ್ ಎಂಬ ಗುಂಪುಗಳಲ್ಲಿವೆ. ಟಿ.ವಿ. ದುಡ್ಡಿನ ಆಸೆಗೆ ಅವು ಗುಂಪು ಬದಲಿಸುತ್ತಾ ಹಳೆಯ ನೆರೆಹೊರೆಯ ಪೈಪೋಟಿಗಳು ನಿಂತುಹೋಗುತ್ತಿವೆ ಎಂದು ಅಲ್ಲಿನವರು ಕೊರಗುತ್ತಾರೆ. ನಮ್ಮಲ್ಲಿ ದುಡ್ಡಿನ ಹಂಗಿಲ್ಲದೆಯೇ ಅದು ನಡೆದುಹೋಗಿದೆ. 1980ರಲ್ಲಿ ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾಲಯ ಬಂದಾಗ ಊರಿನ ಹೆಚ್ಚಿನ ಕಾಲೇಜುಗಳು ಒಂದೇ ಮನೆಯವು. ಆಮೇಲೆ ವೈದ್ಯಕೀಯ ಕಾಲೇಜುಗಳು ಬೆಂಗಳೂರಿನ ರಾಜೀವ್ ಗಾಂಧಿ ವಿವಿಗೆ, ಎಂಜಿನಿಯರಿಂಗ್ ಕಾಲೇಜುಗಳು ಬೆಳಗಾವಿಯ ವಿಶ್ವೇಶ್ವರಯ್ಯ ವಿವಿಗೆ ಹೋದವು. ಕೆ.ಎಂ.ಸಿ. ಮಣಿಪಾಲದ ಕೊಡೆಯಡಿ. ಸುರತ್ಕಲ್ಲಿನ ಎನ್.ಐ.ಟಿ.ಕೆ. ತನ್ನ ಪಾಡಿಗೆ ತಾನು. 2008ರಲ್ಲಿ ಯೆನೆಪೋಯ ಮತ್ತು ನಿಟ್ಟೆ ಡೀಮ್ಡ್ ವಿವಿಗಳಾದವು. 1880ರಲ್ಲಿ ಶುರುವಾದ ಸಂತ ಅಲೋಶಿಯಸ್ 2024ರಲ್ಲಿ ಡೀಮ್ಡ್ ಆಯಿತು. ಓದಿನ ದೃಷ್ಟಿಯಿಂದ ಇವೆಲ್ಲ ಏಳಿಗೆಯೇ, ನನ್ನದೇನೂ ತಕರಾರಿಲ್ಲ. ಆದರೆ ಆಟದ ಅಂಗಳದಲ್ಲಿ ಆದದ್ದೇನು? ಡೀಮ್ಡ್ ಆದ ಸಂಸ್ಥೆ ಅಂತರ ಕಾಲೇಜು ಪಂದ್ಯಾಟದಿಂದ ಹೊರಬಿದ್ದು, ತಾನೇ ಒಂದು ವಿಶ್ವವಿದ್ಯಾಲಯವಾಗಿ ನೇರವಾಗಿ ದಕ್ಷಿಣ ವಲಯಕ್ಕೆ ತಂಡ ಕಳಿಸುತ್ತದೆ. ದೇರಳಕಟ್ಟೆಯ ಹುಡುಗ, ಹಂಪನಕಟ್ಟೆಯ ಹುಡುಗ, ಸುರತ್ಕಲ್ಲಿನ ಹುಡುಗ ಸಿಟಿ ಬಸ್ಸು ಹಿಡಿದು ಒಂದೇ ಸ್ಟೇಟ್‌ಬ್ಯಾಂಕ್ ಸ್ಟಾಪಿಗೆ ಬಂದಿಳಿದರೂ, ಅಧಿಕೃತ ಪಂದ್ಯದಲ್ಲಿ ಎದುರುಬದುರಾಗಬೇಕಾದರೆ ಬೇರೆ ರಾಜ್ಯದ ಯಾವುದೋ ಮೈದಾನಕ್ಕೆ ರೈಲು ಹತ್ತಬೇಕು. ಅಲ್ಲಿಯೂ ಡ್ರಾ ಕೂಡಿಬಂದರೆ!

ಖಾಸಗಿ ಪಂದ್ಯಾಟಗಳು ಇವೆಯಲ್ಲ ಎನ್ನಬಹುದು. ಇವೆ. ಸ್ವಾತಂತ್ರ್ಯೋತ್ಸವದ ಹೊತ್ತಿಗೆ ಶಾಲಾ ಕಾಲೇಜು ತಂಡಗಳು ನೆಹರೂ ಮೈದಾನದಲ್ಲಿ ಕೆಸರೆಬ್ಬಿಸುತ್ತವೆ. ಬೆಂಗ್ರೆ, ಉಳ್ಳಾಲದ ಕಡೆ ಫುಟ್ಬಾಲಿನ ಹುಚ್ಚಿಗೆ ಕೊರತೆಯಿಲ್ಲ. ಹೊನಲು ಬೆಳಕಿನ ಸೆವೆನ್ಸ್ ಅಂತೂ ಬೇಸಿಗೆಯುದ್ದಕ್ಕೂ. ಎಲ್ಲವೂ ನಾಕೌಟೇ. ನಾಕೌಟಿನ ಮೇಲೆ ನಾಕೌಟು ಪೇರಿಸಿದರೆ ಋತುವಾಗುವುದಿಲ್ಲ. ಕಂಬಳದಲ್ಲಿ ಅದು ಋತುವಾದದ್ದು ಅದೇ ಜೋಡಿಗಳು ವಾರವಾರ ಬರುವುದರಿಂದ, ಬಂದದ್ದನ್ನು ಬರೆದಿಟ್ಟುಕೊಳ್ಳುವವರು ಇರುವುದರಿಂದ.

ಲೀಗ್ ಬೇಕು ಎಂದ ಕೂಡಲೇ ಬರುವ ಆಕ್ಷೇಪಗಳು ಗೊತ್ತಿರುವವೇ. ಹಾಜರಿ, ಸೆಮಿಸ್ಟರ್ ಪರೀಕ್ಷೆ, ಬಸ್ಸಿನ ಬಾಡಿಗೆ, ಮಳೆ, ಮೈದಾನದಲ್ಲಿ ರಾಜಕೀಯದವರ ಶಾಮಿಯಾನ. ಎಲ್ಲವೂ ನಿಜ, ಯಾವುದೂ ದಾಟಲಾರದ್ದಲ್ಲ. ಒಂದೇ ಊರಿನೊಳಗಿನ ಲೀಗಿಗೆ ರೈಲು ಬೇಡ, ಲಾಡ್ಜು ಬೇಡ. ಚೆಂಡು, ಸೀಟಿ, ಬಾಳೆಹಣ್ಣು ಸಾಕು.

ಉತ್ತರಿಸಲು ಕಷ್ಟವಾದ ಆಕ್ಷೇಪ ಒಂದಿದೆ, ಅದನ್ನು ಎತ್ತಿದವರು ನಮ್ಮ ಅದೇ ಹಳೆಯ ಮಾಸ್ಟ್ರು. ನಿವೃತ್ತರಾಗಿ ಎಷ್ಟೋ ವರ್ಷವಾಯಿತು, ಈಗಲೂ ಸಂಜೆ ಮೈದಾನದ ಕಟ್ಟೆಯ ಮೇಲೆ ಸಿಗುತ್ತಾರೆ. ನನ್ನ ಎಂಟು ತಂಡಗಳ ಲೀಗಿನ ವಾದ ಕೇಳಿ ಅವರು ಅಂದರು: "ಲೀಗ್ ಮಾಡಿದರೆ ನೀವು ಆವತ್ತು ಗೆಲ್ಲುತ್ತಿದ್ದೀರಾ? ಹಾಸ್ಟೆಲ್, ಊಟ, ಫೀಸು ಎಲ್ಲ ಕೊಟ್ಟು ಆಟಗಾರರನ್ನು ತರುವ ಕಾಲೇಜುಗಳೇ ಏಳಕ್ಕೆ ಏಳೂ ಗೆಲ್ಲುತ್ತವೆ. ಬಡ ಕಾಲೇಜಿಗೆ ಇರುವುದು ಅದೃಷ್ಟವೊಂದೇ, ಅದನ್ನೂ ನೀನು ಕಸಿದುಕೊಳ್ತೀಯ."

ಮಾತು ತಳ್ಳಿಹಾಕುವಂಥದ್ದಲ್ಲ. ಲೀಗ್ ಉದ್ದವಾದಷ್ಟೂ ಅದೃಷ್ಟ ಸವೆದು ಬಲ ಮೇಲೆ ಬರುತ್ತದೆ. ಬಲ ಎಂದರೆ ಎಷ್ಟೋ ಸಲ ದುಡ್ಡು. ಅಮೆರಿಕದ ಕಾಲೇಜು ಫುಟ್ಬಾಲಿನಲ್ಲಿ 2021ರಿಂದ ಆಟಗಾರರು ತಮ್ಮ ಹೆಸರಿನ ಮೇಲೆ ಜಾಹೀರಾತಿನ ದುಡ್ಡು ಪಡೆಯಬಹುದು. ಅಲ್ಲಿಂದೀಚೆಗೆ ಶ್ರೀಮಂತ ತಂಡ ಯಾವುದು, ಒಳ್ಳೆಯ ತಂಡ ಯಾವುದು ಎಂಬ ಭೇದ ಇನ್ನಷ್ಟು ಮಸುಕಾಗಿದೆ. ಆದರೂ ಮಾಸ್ಟ್ರ ಮಾತಿನಲ್ಲಿ ಒಂದು ಲೆಕ್ಕ ತಪ್ಪಿದೆ ಎಂದೇ ನನಗನ್ನಿಸುತ್ತದೆ. ಬಡ ಕಾಲೇಜಿಗೆ ನಾಕೌಟು ಕೊಡುವುದು ಗೆಲುವಲ್ಲ, ಲಾಟರಿ ಚೀಟಿ. ನಾವು ಗೆದ್ದ ದಿನದ ಸಂಜೆಯೇ ನಾಲ್ಕು ಗೋಲು ತಿಂದೆವು, ಮರುವರ್ಷ ಮೊದಲ ಸುತ್ತಿನಲ್ಲೇ ಹೋದೆವು. ಆ ಗೆಲುವಿನಿಂದ ನಮ್ಮ ಆಟ ಒಂದಿಂಚೂ ಮುಂದೆ ಹೋಗಲಿಲ್ಲ. ಏಳು ಬಲವಾದ ತಂಡಗಳೆದುರು ಏಳು ಸಲ ಆಡಿ ಆರು ಸಲ ಸೋತಿದ್ದರೆ ಹೋಗುತ್ತಿತ್ತು. ಇನ್ನೂ ಒಂದು ಮಾತು: ಲೀಗಿನ ಕೊನೆಗೆ ನಾಕೌಟು ಇಡಬಾರದೆಂದು ಯಾರು ಹೇಳಿದರು? ಮೊದಲ ನಾಲ್ಕು ತಂಡಗಳಿಗೆ ಸೆಮಿಫೈನಲ್ ಇಡಿ. ನಾಲ್ಕನೆಯವನು ಒಂದನೆಯವನನ್ನು ಮಣ್ಣು ಮುಕ್ಕಿಸಲಿ. ಆಗ ಅದು ಆಘಾತ, ಏಕೆಂದರೆ ಆ ಇಬ್ಬರೂ ಯಾರೆಂದು ಊರಿಗೇ ಗೊತ್ತಿರುತ್ತದೆ.

ಅಮೆರಿಕದವರ ಜಗಳದಲ್ಲಿ ನನ್ನ ತೀರ್ಪನ್ನು ಅಕ್ಕನ ಮಗನಿಗೆ ಕೊನೆಗೆ ಹೇಳಿದೆ. 12 ಇರಲಿ, ಇನ್ನೂ ಹೆಚ್ಚಿಸಬೇಡಿ. ಮಿಚಿಗನ್‌ಗೆ ಸೋತ ನೋವು ಒಂದು ವಾರವಾದರೂ ಸುಡಬೇಕು, ಸೋತವನು ಮರಳಿ ಬರಲು ಒಂದು ಬಾಗಿಲೂ ಇರಬೇಕು. "ನಿಮ್ಮಲ್ಲಿ ಎಷ್ಟು ತಂಡ ಪ್ಲೇಆಫ್ ಆಡ್ತವೆ ಮಾವ?" ಎಂದು ಅವನು ಕೇಳಿದ. "ಎಲ್ಲವೂ" ಎಂದೆ. ಅವನಿಗೆ ಅರ್ಥವಾಗಲಿಲ್ಲ, ವಿವರಿಸಲು ನನಗೂ ಮನಸ್ಸಾಗಲಿಲ್ಲ.

ಮಂಗಳೂರಿನ ದೈಹಿಕ ಶಿಕ್ಷಣ ನಿರ್ದೇಶಕರಿಗೆ ಈ ಲೆಕ್ಕ ಒಪ್ಪಿಸುತ್ತಿದ್ದೇನೆ. ಯಾವ ವಿವಿಯ ಕೆಳಗಿದ್ದರೂ ಸರಿ, ಊರಿನ ಎಂಟು ಕಾಲೇಜುಗಳು ಮನಸ್ಸು ಮಾಡಿದರೆ ಸಾಕು. ಎಂಟು ತಂಡ ಒಬ್ಬರೊಬ್ಬರೊಡನೆ ಒಂದೊಂದು ಸಲ ಆಡಿದರೆ 28 ಪಂದ್ಯ. ಶನಿವಾರ ಮಧ್ಯಾಹ್ನದ ಮೇಲೆ ಎರಡೆರಡರಂತೆ ಇಟ್ಟರೆ 14 ಶನಿವಾರ, ಸೆಮಿಫೈನಲ್‌ಗೆ ಒಂದು, ಫೈನಲ್‌ಗೆ ಒಂದು. ಮಳೆ ನಿಂತು ನವೆಂಬರ್ ಶುರುವಾದಲ್ಲಿಂದ ಫೆಬ್ರವರಿ ಮುಗಿಯುವವರೆಗೆ ಕನಿಷ್ಠ 17 ಶನಿವಾರ ಇವೆ. ಒಂದು ಶನಿವಾರ ಪರೀಕ್ಷೆಗೆ ಬಿಟ್ಟುಕೊಡಬಹುದು.